ದುಡ್ಡು ಕೊಟ್ಟವರು ಬಸ್ಸು ಕೇಳುತ್ತಾರೆ

ರಸ್ತೆ ಬೇಕು, ಬಸ್ಸು ಬೇಕು, ಆದರೆ ದುಡ್ಡು ಮಾತ್ರ ಬಿಚ್ಚೋದಿಲ್ಲ ಎಂಬುದು ಜನರ ಮೇಲೆ ಆಳುವವರ ಹಳೆಯ ದೂರು. ಈ ದೂರು ಹೇಳುವ ಮಹನೀಯರು ಕೆರೆಬಿಳಚಿಯಲ್ಲಿ ಬಸ್ಸು ಕಾಯುವವರ ಜೊತೆ ಒಂದು ತಾಸು ನಿಂತು ನೋಡುವುದು ಒಳ್ಳೆಯದು.

ಜನ ಕೊಡುತ್ತಿಲ್ಲವೆ? 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ಕ್ಕೆ ಏರಿಸಿತು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇ. 15ರಷ್ಟು ಹೆಚ್ಚಿತು. ಅದೇ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಏರಿ ಶೇ. 21.17 ಆಯಿತು. ಅಡಿಕೆ ತೋಟದ ಟ್ರ್ಯಾಕ್ಟರು, ಸಂತೆಗೆ ಹೋಗುವ ಟೆಂಪೋ ಎಲ್ಲಕ್ಕೂ ಈ ಬಿಸಿ ತಟ್ಟಿತು. ಜನ ಗೊಣಗಿದರು, ಆದರೂ ಕೊಟ್ಟರು. ಪಕ್ಕದ ಸೂಳೆಕೆರೆಯನ್ನು ಶಾಂತವ್ವ ಎಂಬಾಕೆ ಕಟ್ಟಿಸಿದಳೆಂದು ಐತಿಹ್ಯ. ಪಾಪ, ಆಕೆಗೆ ಸೆಸ್ಸು ಹಾಕುವ ವಿದ್ಯೆ ಗೊತ್ತಿರಲಿಲ್ಲ!

ಜನರ ಸಿಟ್ಟು ಕೊಡುವುದಕ್ಕಲ್ಲ, ಕೊಟ್ಟದ್ದು ಎಲ್ಲಿಗೆ ಹೋಯಿತೆಂಬುದಕ್ಕೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನೇ ನೋಡಿ. ಹೆಣ್ಣುಮಕ್ಕಳಿಗೆ ನಿಜಕ್ಕೂ ಅನುಕೂಲವಾದ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಹಳೆಯ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಹಳ್ಳಿ ಜನಕ್ಕೆ ಮೊದಲಿಂದಲೂ ಖಾಸಗಿ ಬಸ್ಸೇ ಗತಿ. ಹತ್ತಿದ ಹೆಂಗಸು ಪೂರಾ ಟಿಕೆಟ್ ಕೊಡಲೇಬೇಕು. ಶೂನ್ಯ ಟಿಕೆಟ್ ಹರಿದ ಲೆಕ್ಕಕ್ಕೆ ಸರ್ಕಾರ ನಿಗಮಕ್ಕೆ ಹಣ ಕಟ್ಟಿಕೊಡುತ್ತದೆ. ಅಂದರೆ ಬಸ್ಸು ಇದ್ದ ಕಡೆಗೇ ಹಣ, ಬಸ್ಸಿಲ್ಲದ ಊರಿಗೆ ಬರೀ ತೆರಿಗೆ. ಬೆಂಗಳೂರಿನ ಹೆಂಗಸೂ ಕೆರೆಬಿಳಚಿಯ ಹೆಂಗಸೂ ಕೊಡುವ ತೆರಿಗೆ ಒಂದೇ, ಸಿಗುವ ಸವಾರಿ ಬೇರೆ.

1997ರಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದವು. ಜಿಲ್ಲಾ ಕಚೇರಿ, ದೊಡ್ಡಾಸ್ಪತ್ರೆ ಎಲ್ಲಕ್ಕೂ ಜನ ದಾರಿ ಬದಲಿಸಿಕೊಂಡರು. ಜಿಲ್ಲೆ ಬದಲಾದಷ್ಟು ಸಲೀಸಾಗಿ ಬಸ್ಸಿನ ವೇಳಾಪಟ್ಟಿ ಬದಲಾಗಲಿಲ್ಲ ಎಂಬುದು ಇಲ್ಲಿಯವರ ಅಳಲು. ನಿಗಮಕ್ಕೂ ಕಷ್ಟವಿದೆ, ನಷ್ಟದ ಮಾರ್ಗಕ್ಕೆ ಬಸ್ಸು ಬಿಡು ಎಂದರೆ ಯಾವ ಅಧಿಕಾರಿಯೂ ಮುಖ ಸಿಂಡರಿಸುತ್ತಾನೆ. ಆ ನಷ್ಟ ತುಂಬಿಕೊಡಲಿಕ್ಕೇ ಅಲ್ಲವೆ ಡೀಸೆಲ್ಲಿನ ತೆರಿಗೆ?

ಇನ್ನೊಮ್ಮೆ ದರ ಏರಿಸುವ ಮುನ್ನ ದಾವಣಗೆರೆ ವಿಭಾಗದ ಅಧಿಕಾರಿಗಳು ಒಂದು ಕೆಲಸ ಮಾಡಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಯಾವ ಹಳ್ಳಿಗೆ ದಿನಕ್ಕೆ ಎಷ್ಟು ಸರ್ಕಾರಿ ಬಸ್ಸು, ಎಷ್ಟು ಗಂಟೆಗೆ ಎಂಬ ಪಟ್ಟಿಯನ್ನು ಪಂಚಾಯ್ತಿ ಕಟ್ಟೆಯ ಮೇಲೆ ಅಂಟಿಸಲಿ. ಓದಿದ ಮೇಲೆ ದರ ಏರಿಕೆ ಸರಿಯೋ ತಪ್ಪೋ ಎಂದು ಜನರನ್ನೇ ಕೇಳಲಿ.