ಲೈಸೆನ್ಸಿನ ಮುದ್ದತು, ಹೆಬ್ಬೆಟ್ಟಿನ ಗುರುತು

ಕೊರೋನಾ ಕಾಲದಲ್ಲಿ ಮುದ್ದತು ತೀರಿದ ಡ್ರೈವಿಂಗ್ ಲೈಸೆನ್ಸುಗಳು ಇನ್ನೂ ಕೆಲವು ಸದಸ್ಯ ಬಾಂಧವರ ಪೆಟ್ಟಿಗೆಯಲ್ಲಿ ಹಾಗೆಯೇ ಇವೆಯೆಂದು ಸಂಘದ ಕಚೇರಿಗೆ ಬಂದುಹೋಗುವವರ ಮಾತಿನಿಂದ ತಿಳಿದುಬಂದಿದೆ. “ಸರ್ಕಾರದವರೇ ಮುಂದೂಡಿದ್ದಾರಲ್ಲ ಸ್ವಾಮಿ” ಎಂದು ಈಗಲೂ ಹೇಳುವವರುಂಟು. ಆದ್ದರಿಂದ ಈ ನಾಲ್ಕು ಮಾತು.

ಮುಂದೂಡಿದ್ದು ನಿಜ. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಿತು. ಫೆಬ್ರವರಿ 1ರ ತರುವಾಯ ಮುದ್ದತು ತೀರಿದ ಲೈಸೆನ್ಸು, ಪರ್ಮಿಟ್ಟುಗಳು ಜೂನ್ 30ರವರೆಗೆ ಊರ್ಜಿತವೆಂದು ಕೇಂದ್ರ ಸಾರಿಗೆ ಮಂತ್ರಾಲಯವು ಮಾರ್ಚ್ 30ರಂದು ತಿಳಿಸಿತು. ಆ ಮೇಲೆ ಗಡುವು ಸೆಪ್ಟೆಂಬರಿಗೆ ಹೋಯಿತು, ಡಿಸೆಂಬರಿಗೆ ಹೋಯಿತು. 2021ರಲ್ಲಿ ಮಾರ್ಚ್, ಜೂನ್, ಸೆಪ್ಟೆಂಬರ್ ದಾಟಿ ಅಕ್ಟೋಬರ್ 31ಕ್ಕೆ ನಿಂತಿತು. ಒಟ್ಟು ಏಳು ಗಡುವು! ರಿಯಾಯಿತಿ ಕೊಟ್ಟದ್ದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಬಾಳೆಗೆ ನೀರು ಬಿಟ್ಟಂತೆ ಮೂರು ಮೂರು ತಿಂಗಳಿಗೆ ಒಂದೊಂದು ಮಡಿ ಬಿಡುವ ಬದಲು, ಒಂದೇ ಸಲ ವರ್ಷಕ್ಕೆ ಆಜ್ಞೆ ಮಾಡಿದ್ದರೆ ಹಳ್ಳಿಯವನಿಗೆ ಲೆಕ್ಕ ಸಿಗುತ್ತಿತ್ತು. ಎಷ್ಟೋ ಜನಕ್ಕೆ ಮೊದಲನೆಯ ಮುಂದೂಡಿಕೆಯ ಸುದ್ದಿ ಮುಟ್ಟಿತು, ಕೊನೆಯದು ಮುಟ್ಟಲೇ ಇಲ್ಲ.

ಇನ್ನು ಗುರುತಿನ ವಿಚಾರ. 2021ರ ಮಾರ್ಚ್ 3ರಂದು ಲೈಸೆನ್ಸ್ ನವೀಕರಣವೂ ಸೇರಿ 18 ಸೇವೆಗಳನ್ನು ಆಧಾರ್ ಮೂಲಕ, ಕಚೇರಿಗೆ ಹೋಗದೆಯೇ ಪಡೆಯಬಹುದೆಂದು ಆಜ್ಞೆಯಾಯಿತು. ಆಧಾರ್ ಕೊಡಲು ಇಷ್ಟವಿಲ್ಲದವನು ಹಿಂದಿನಂತೆ ಕಚೇರಿಗೇ ಹೋಗಬಹುದಿತ್ತು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಓ.ಟಿ.ಪಿ. ಬರಬೇಕಾದರೆ ಆಧಾರಿಗೆ ಮೊಬೈಲ್ ನಂಬರು ಸೇರಿರಬೇಕು. ನಮ್ಮ ಹಿರಿಯ ಬೆಳೆಗಾರರಲ್ಲಿ ಅನೇಕರ ಆಧಾರಿಗೆ ಸೇರಿರುವುದು ಬೆಂಗಳೂರಿನಲ್ಲಿರುವ ಮಗನ ನಂಬರು, ಇಲ್ಲವೇ ಎಂದೋ ಕೈಬಿಟ್ಟ ಸಿಮ್ಮು. ಬೆರಳಚ್ಚಾದರೂ ಕೊಡೋಣವೆಂದರೆ ಅಡಿಕೆ ಸುಲಿದು, ಗುದ್ದಲಿ ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಐವತ್ತು ವರ್ಷ ಊರೆಲ್ಲ ಬಲ್ಲ ಮನುಷ್ಯ ಒಂದು ಗಾಜಿನ ಚೂರಿನ ಮುಂದೆ ಅಪರಿಚಿತನಾಗಿ ನಿಲ್ಲುತ್ತಾನೆ. (ನಮ್ಮ ಮಗ್ಗುಲಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಬೆಳಕವಾಡಿಯ ತೋಟದ ಮೂಲೆಗೆ ಮೊಬೈಲ್ ಸಿಗ್ನಲ್ ಬರುವುದು ಮಾತ್ರ ಅದರ ಮರ್ಜಿ.)

ಇದೆಲ್ಲ ಬರಿಯ ಕಿರಿಕಿರಿಯಲ್ಲ. ತೋಟದ ಟ್ರ್ಯಾಕ್ಟರನ್ನೋ ಜೀಪನ್ನೋ ಮುದ್ದತು ತೀರಿದ ಲೈಸೆನ್ಸಿನವನು ಓಡಿಸಿ, ದಾರಿಹೋಕನಿಗೆ ಪೆಟ್ಟಾಯಿತೆನ್ನಿ. ಮಾಲೀಕನ ಅಲಕ್ಷ್ಯ ರುಜುವಾತಾದರೆ ವಿಮಾ ಕಂಪನಿಯವರು ಗಾಯಾಳುವಿಗೆ ಪರಿಹಾರ ತೆತ್ತು, ಆ ಮೊಬಲಗನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೋರಿಸಿದ ದಾರಿ ಇದು. ಎರಡೆಕರೆ ತೋಟದವನಿಗೆ ಅಂಥ ಒಂದು ತೀರ್ಪು ತೋಟವನ್ನೇ ನುಂಗೀತು. ಮುದ್ದತು ತೀರಿದ ಮೇಲೂ 30 ದಿನ ನಡೆಯುತ್ತಿದ್ದ ಹಳೆಯ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿತು. ಅದೇ ತಿದ್ದುಪಡಿಯಂತೆ, ಮುದ್ದತು ತೀರುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು; ತೀರಿ ಒಂದು ವರ್ಷ ಕಳೆದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಕೊರೋನಾ ಕಾಲದ ಲೈಸೆನ್ಸನ್ನು ಹಾಗೇ ಇಟ್ಟುಕೊಂಡವರ ಪಾಡು ಇದೇ. ನಲವತ್ತು ದಾಟಿದವರು ವೈದ್ಯರ ಸರ್ಟಿಫಿಕೇಟನ್ನೂ ಲಗತ್ತಿಸಬೇಕು.

ಸಾರಿಗೆ ಇಲಾಖೆಯವರು ಮಂಡ್ಯದಲ್ಲೇ ಕುಳಿತಿರದೆ ಮಳವಳ್ಳಿ, ಮದ್ದೂರುಗಳಲ್ಲಿ ಸಂತೆಯ ದಿನ ನವೀಕರಣ ಶಿಬಿರ ನಡೆಸಬೇಕೆಂಬುದು ನಮ್ಮ ಒತ್ತಾಯ. ಬೆರಳಚ್ಚು ಹತ್ತದವನಿಗೆ ಪಾಸ್‌ಬುಕ್ಕು, ಪಹಣಿ, ಮತದಾರರ ಚೀಟಿ ನೋಡಿ ಅಲ್ಲಿಯೇ ಗುರುತು ಒಪ್ಪಿಕೊಳ್ಳಲಿ. ಮನೆಬಾಗಿಲಲ್ಲೇ ಆಧಾರಿಗೆ ಮೊಬೈಲ್ ನಂಬರು ಸೇರಿಸುವ ಕೆಲಸವನ್ನು 2021ರ ಜುಲೈನಲ್ಲಿ ಅಂಚೆಯವರಿಗೆ ವಹಿಸಿದರು. ಪೋಸ್ಟ್‌ಮ್ಯಾನ್ ಮಾಡಬಹುದಾದದ್ದನ್ನು ಇನ್‌ಸ್ಪೆಕ್ಟರು ಮಾಡಲಾರರೇ?

ಶಿಬಿರಕ್ಕೆ ಅರ್ಜಿ ಬರೆಯಲು ನಮಗೆ ಸಂಖ್ಯೆ ಬೇಕು. ಸದಸ್ಯರು ತಮ್ಮ ಹಾಗೂ ತಮ್ಮ ಡ್ರೈವರರ ಲೈಸೆನ್ಸುಗಳನ್ನು ಮುಂದಿನ ಸಭೆಗೆ ತರಲಿ. ದಿನಾಂಕ ನೋಡಿ ಪಟ್ಟಿ ಮಾಡಿಕೊಳ್ಳುತ್ತೇವೆ.