ಕೈಚೀಲವೂ ಕೈಗೆಲಸವೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶವನ್ನು ಕುರಿತೋ ಕಟ್ಟಡದ ನಿಧಿಯನ್ನು ಕುರಿತೋ ಬರೆಯುವುದು ವಾಡಿಕೆಯಾಗಿದೆ. ಈ ಸಲ ನಾವು ಸಂಜೆಯ ಸಮಾರಂಭಕ್ಕೆ ಹಿಡಿದು ಹೋಗುವ ಒಂದು ಕೈಚೀಲವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವರು ನಗಬಹುದು. ನಗಲಿ, ಆದರೆ ಕಡೆಯವರೆಗೂ ಓದಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.

ಎರಡು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಸಂಜೆಗೆ ಒಬ್ಬ ಹುಡುಗಿಯು ಬರಲಿಲ್ಲ. ಪ್ರಾರ್ಥನಾಗೀತವನ್ನು ಎತ್ತಿ ಹಾಡತಕ್ಕವಳು ಅವಳೇ. ಮರುದಿನ ಅವಳ ತಾಯಿಯವರು ಬಂದು, “ಟೀಚರಮ್ಮಾ, ಅವಳ ಗೆಳತಿಯರೆಲ್ಲ ಹೆಸರು ಬರೆದ ಚೀಲ ಹಿಡಿದು ಬರುತ್ತಾರಂತೆ. ಕೊಡಿಸುವುದು ನಮ್ಮ ಕೈಲಿ ಆಗಲಿಲ್ಲ. ಬರಿಗೈಯಲ್ಲಿ ಹೋಗಲಾರೆನೆಂದು ಅತ್ತು ಮಲಗಿಬಿಟ್ಟಳು” ಎಂದರು. ಆ ಚೀಲಗಳಲ್ಲಿ ಹೆಚ್ಚಿನವು ಬೀದಿಬದಿಯಲ್ಲಿ ಮಾರುವ ನಕಲಿಗಳು. ಹೊರಗೆ ವಿದೇಶದ ಹೆಸರು, ಒಳಗೆ ಕಿತ್ತುಬರುವ ಅಂಟು. ಆದರೆ ತಪ್ಪು ಮಕ್ಕಳದು ಮಾತ್ರವಲ್ಲ. “ಸಮಾರಂಭಕ್ಕೆ ತಕ್ಕಂತೆ ಅಲಂಕರಿಸಿಕೊಂಡು ಬರತಕ್ಕದ್ದು” ಎಂದು ಸೂಚನಾಪತ್ರದಲ್ಲಿ ಬರೆದವರು ನಾವು. ಗಣಿತಕ್ಕೆ ವೇಳೆ ಸಾಲದೆಂದು ಹೊಲಿಗೆಯ ಪಾಠವನ್ನು ವೇಳಾಪಟ್ಟಿಯಿಂದ ತೆಗೆದುಹಾಕಿದವರೂ ನಾವೇ. ಬೇಕೆನ್ನುವ ಆಸೆಯನ್ನು ಹುಟ್ಟಿಸಿ, ಮಾಡಿಕೊಳ್ಳುವ ವಿದ್ಯೆಯನ್ನು ಕಸಿದುಕೊಂಡಂತಾಯಿತು.

ಚೆಲುವಾದ ಚೀಲವನ್ನು ಬಯಸುವುದೇ ತಪ್ಪೆನ್ನುವ ಹಿರಿಯರಿದ್ದಾರೆ. ನಾವು ಅದನ್ನು ಒಪ್ಪಲಾರೆವು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಕವಯಿತ್ರಿಯನ್ನು ಕನ್ನಡಿಗರು ಇಂದಿಗೂ ಸಂಚಿಯ ಹೊನ್ನಮ್ಮನೆಂದೇ ಕರೆಯುತ್ತಾರೆ. ನಮ್ಮ ಅಜ್ಜಿಯರ ಸೊಂಟದಲ್ಲಿಯೂ ಬಟ್ಟೆಯ ಚೂರುಗಳಿಂದ ಹೊಲಿದ ಸಂಚಿಯು ಇದ್ದೇ ಇತ್ತು. ಯುರೋಪಿನ ಸ್ತ್ರೀಯರು ಲಂಗದ ಒಳಗೆ ಕಟ್ಟಿಕೊಳ್ಳುತ್ತಿದ್ದ ಜೇಬು ಕೂಡ, 18ನೆಯ ಶತಮಾನದ ಕೊನೆಯಲ್ಲಿ ತೆಳುವಾದ ಉಡುಪುಗಳು ಬಳಕೆಗೆ ಬಂದಾಗ, ಹೊರಗೆ ಬಂದು ಕೈಚೀಲವಾಯಿತು.

ಇಂದು ನಮ್ಮ ಹುಡುಗಿಯರು ಆಸೆಗಣ್ಣಿನಿಂದ ನೋಡುವ ಸರಪಳಿಯ ಚೀಲದ ಕಥೆಯನ್ನೂ ಕೇಳಿರಿ. ವಜ್ರದಾಕಾರದ ಹೊಲಿಗೆಯ ಮನೆಗಳುಳ್ಳ ಆ ಚೀಲವನ್ನು ಪ್ಯಾರಿಸಿನ ಗಾಬ್ರಿಯೆಲ್ ಶನೆಲ್ ಎಂಬಾಕೆಯು 1955ರ ಫೆಬ್ರವರಿಯಲ್ಲಿ ಹೊರತಂದಳು. ಆದಕಾರಣವೇ ಅದಕ್ಕೆ 2.55 ಎಂದು ಹೆಸರು. ಚೀಲವು ಹೆಗಲಿನಿಂದ ತೂಗಾಡಿದರೆ ಕೈಗಳೆರಡೂ ಬಿಡುವಾಗುತ್ತವೆಂಬುದೇ ಸರಪಳಿಯ ಅರ್ಥ. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡ ಆಕೆಯು ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಲಯದಲ್ಲಿ ಬೆಳೆದು ಹೊಲಿಗೆಯನ್ನು ಕಲಿತವಳು. ಆ ಚೀಲದ ಗುಟ್ಟಾದರೂ ಏನು? ಎರಡು ಪದರಗಳ ನಡುವೆ ಮೆತ್ತನೆಯದೊಂದನ್ನಿಟ್ಟು ಗೆರೆಗೆರೆಯಾಗಿ ಹೊಲಿಯುವುದು. ಇದು ನಮ್ಮ ಕೌದಿಯ ಒಡಹುಟ್ಟಿದ ಕೆಲಸವಲ್ಲದೆ ಮತ್ತೇನು? ಉತ್ತರ ಕನ್ನಡದ ಸಿದ್ದಿ ಜನಾಂಗದ ಸ್ತ್ರೀಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಇಂಥ ಹೊದಿಕೆಗಳನ್ನೇ ಮಾಡುತ್ತಾರೆ.

ಆದುದರಿಂದ ಕಳೆದ ವರ್ಷ ಹೊಲಿಗೆಯ ಪಾಠವನ್ನು ಮರಳಿ ಸ್ಥಾಪಿಸಿ, ಹತ್ತನೆಯ ತರಗತಿಯವರೆಲ್ಲರೂ ತಮ್ಮ ಚೀಲವನ್ನು ತಾವೇ ಹೊಲಿಯಬೇಕೆಂದು ಗೊತ್ತುಮಾಡಿದೆವು. ಮನೆಯಲ್ಲಿ ಮಾಡಬಯಸುವವರಿಗಾಗಿ ಕ್ರಮವನ್ನು ಹೇಳುತ್ತೇವೆ. ಹಳೆಯ ರೇಷ್ಮೆ ಸೀರೆಯ ಸೆರಗಿನಲ್ಲಿ 11 ಅಂಗುಲ ಅಗಲ, 16 ಅಂಗುಲ ಉದ್ದದ ತುಂಡನ್ನು ಕತ್ತರಿಸಿ, ಅದರ ಹಿಂದೆ ಅಷ್ಟೇ ಅಳತೆಯ ಹಳೆಯ ಕಂಬಳಿಯ ತುಂಡನ್ನಿಡಿರಿ. ಒಂದೊಂದು ಅಂಗುಲದ ಅಂತರದಲ್ಲಿ ಎರಡು ಕಡೆಯಿಂದಲೂ ಓರೆಗೆರೆಗಳನ್ನೆಳೆದು ಅವುಗಳ ಮೇಲೆ ಹೊಲಿಯಿರಿ. ಹೊಲಿದಂತೆ ಬಟ್ಟೆಯು ಸ್ವಲ್ಪ ಕುಗ್ಗುವುದರಿಂದ, ಅನಂತರವೇ 10 ಮತ್ತು 15 ಅಂಗುಲಕ್ಕೆ ಸಮನಾಗಿ ಕತ್ತರಿಸತಕ್ಕದ್ದು. ಅದೇ ಅಳತೆಯ ಅಸ್ತರನ್ನು ಒಳ್ಳೆಯ ಮಗ್ಗುಲುಗಳು ಎದುರುಬದುರಾಗುವಂತೆ ಇಟ್ಟು, ಅಂಚಿನಿಂದ ಅರ್ಧ ಅಂಗುಲ ಒಳಗೆ ಸುತ್ತಲೂ ಹೊಲಿದು, ಒಂದು ಕಿರಿಯ ಬದಿಯಲ್ಲಿ 3 ಅಂಗುಲ ಬಿಡಬೇಕು. ಮೂಲೆಗಳನ್ನು ಕತ್ತರಿಸಿ, ಬಿಟ್ಟ ಬಾಯಿಂದ ಹೊರಳಿಸಿ, ಬಾಯನ್ನು ಹೊಲಿದು ಇಸ್ತ್ರಿಮಾಡಿರಿ. ಈಗ ಆ ಬದಿಯಿಂದ 5 ಅಂಗುಲ ಮೇಲಕ್ಕೆ ಮಡಿಸಿ ಎರಡು ಪಕ್ಕಗಳನ್ನು ಹೊಲಿದರೆ ಚೀಲವು. ಉಳಿದ 4 ಅಂಗುಲವೇ ಮುಚ್ಚಳವು. ಒಂದು ಟಿಚ್ ಬಟನ್ನು, ಮುರಿದ ಚೀಲದೊಂದರ ಸರಪಳಿ, ಹರಿದ ಸರದ ನಾಲ್ಕು ಮಣಿಗಳು ಇಷ್ಟಾದರೆ ಸಾಕು.

ಇದು ಸಹ ನಕಲಲ್ಲವೆ ಎಂದು ಒಬ್ಬ ಪಾಲಕರು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದು. ಒಳ್ಳೆಯ ಕೆಲಸವನ್ನು ನೋಡಿ ಅದರ ರೀತಿಯನ್ನು ಕಲಿಯುವುದು ಶಿಷ್ಯವೃತ್ತಿಯು. ಇನ್ನೊಬ್ಬರ ಹೆಸರನ್ನೂ ಗುರುತನ್ನೂ ಅಂಟಿಸಿಕೊಳ್ಳುವುದು ಸುಳ್ಳು. ಅಂಥ ಸುಳ್ಳು ಗುರುತನ್ನು ಹಾಕಿ ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ನಮ್ಮ ಮಕ್ಕಳ ಚೀಲಗಳ ಒಳಗೆ ಅವರವರ ಹೆಸರಿನ ಮೊದಲಕ್ಷರವನ್ನು ಮಾತ್ರ ಹೊಲಿಸಿದೆವು.

ಮತ್ತೊಬ್ಬರು, ವಿದ್ಯಾವತಿಯರಾಗಬೇಕಾದ ಹುಡುಗಿಯರನ್ನು ಮತ್ತೆ ಸೂಜಿಗೆ ಕಟ್ಟಿಹಾಕುವಿರಾ ಎಂದು ಆಕ್ಷೇಪಿಸಿದರು. ಸೂಜಿಯೊಂದೇ ಹುಡುಗಿಯ ವಿದ್ಯೆಯಾಗಿದ್ದ ಕಾಲವನ್ನು ನಾವು ಮರಳಿ ಬಯಸುವುದಿಲ್ಲ. ಆದರೆ ಅರ್ಧ ಅಂಗುಲ ತಪ್ಪಿದರೆ ಮುಚ್ಚಳವು ಕೂಡದೆಂಬುದನ್ನು ಕಂಡುಕೊಂಡ ಮಗುವಿಗೆ ಗಣಿತವೂ ದೂರವಾಗಲಿಲ್ಲ. ದಿನವೆಲ್ಲ ದುಡಿದು ಬರುವ ತಾಯಂದಿರಿಗೆ ಇದನ್ನು ಕಲಿಸಲು ಬಿಡುವೆಲ್ಲಿ? ಆದ್ದರಿಂದಲೇ ಅದು ಶಾಲೆಯ ವೇಳೆಯಲ್ಲಿಯೇ ನಡೆಯಬೇಕೆಂಬುದು ನಮ್ಮ ಅಭಿಪ್ರಾಯವು.

ಕಳೆದ ವರ್ಷದ ಸಂಜೆ ಯಾರೂ ಗೈರುಹಾಜರಾಗಲಿಲ್ಲ. ಕೆಲವು ಚೀಲಗಳ ಗೆರೆಗಳು ಸೊಟ್ಟಗಿದ್ದವು. ಒಂದರ ಮುಚ್ಚಳವು ಹಾಡಿನ ನಡುವೆ ಕಳಚಿಬಿದ್ದು ಎಲ್ಲರೂ ನಕ್ಕರು, ಅದರ ಒಡತಿಯೂ ನಕ್ಕಳು. ಬಾರದೆ ಉಳಿದ ಆ ಹುಡುಗಿಗೆ ಅವಳ ಸಂಜೆಯನ್ನು ನಾವು ಹಿಂದಿರುಗಿಸಲಾರೆವು. ಅವಳ ತಾಯಿಯವರು ಮಾತ್ರ ಹೊಲಿಗೆಯ ಪಾಠ ಮತ್ತೆ ನಡೆಯುತ್ತಿದೆಯೆಂದು ಕೇಳಿ, ಸವೆದ ಸೀರೆಯೊಂದರ ಸೆರಗನ್ನು ಮಡಿಸಿ ತಂದು, “ಯಾವ ಮಗುವಿಗಾದರೂ ಆದೀತು, ಟೀಚರಮ್ಮಾ” ಎಂದು ಕೊಟ್ಟುಹೋದರು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಪೆಟ್ಟಿಗೆಗಳಲ್ಲಿಯೂ ಅಂಥ ಸೆರಗುಗಳಿರುವುವು. ಅವುಗಳನ್ನು ಕಳುಹಿಸಿರಿ, ಬಿಡುವಿದ್ದವರು ತಾವೇ ತಂದು ಒಂದು ಪಾಠದ ಹೊತ್ತು ಮಕ್ಕಳೊಡನೆ ಕುಳಿತು ಹೊಲಿಯಿರಿ. ಬಾಗಿಲು ತೆರೆದೇ ಇರುವುದು.