ನೌಕರರ ಆಸ್ಪತ್ರೆ ಬಿಲ್ಲು: ಮಾಲೀಕರ ನೆರವಿಗೂ ತೆರಿಗೆಯೇ?

ಮಾರ್ಚ್ ತಿಂಗಳು ಬಂದಿತೆಂದರೆ ರಿಚರ್ಡ್ಸ್ ಟೌನಿನ ನಮ್ಮ ಕಚೇರಿಗೆ ಶಿವಾಜಿನಗರ, ಹಲಸೂರು, ಕೃಷ್ಣರಾಜಪುರಗಳ ವರ್ತಕರೂ ಸಣ್ಣ ಉದ್ದಿಮೆದಾರರೂ ಸಂಬಳದ ಪಟ್ಟಿಯೊಡನೆ ಔಷಧಿ ಅಂಗಡಿಯ ರಸೀದಿಗಳ ಕಟ್ಟನ್ನೂ ತರುವುದು ಇಂದಿಗೂ ನಿಂತಿಲ್ಲ. ನೌಕರನ ತೆರಿಗೆಯನ್ನು ತಗ್ಗಿಸುವ ಶಕ್ತಿ ಆ ರಸೀದಿಗಳಿಗೆ ಇದ್ದುದು 2018ರ ಮಾರ್ಚ್ 31ರವರೆಗೆ ಮಾತ್ರ.

ಅಲ್ಲಿಯವರೆಗೆ ಮಾಲೀಕರು ಮರುಪಾವತಿ ಮಾಡಿದ ವೈದ್ಯಕೀಯ ವೆಚ್ಚದಲ್ಲಿ ವರ್ಷಕ್ಕೆ 15,000 ರೂ.ವರೆಗೆ ವಿನಾಯಿತಿಯಿತ್ತು. 2018ರ ಹಣಕಾಸು ಕಾಯಿದೆಯು ಇದನ್ನೂ 19,200 ರೂ.ಗಳ ಸಾರಿಗೆ ಭತ್ಯೆಯ ವಿನಾಯಿತಿಯನ್ನೂ ತೆಗೆದುಹಾಕಿ, 40,000 ರೂ.ಗಳ ಪ್ರಮಾಣಿತ ಕಡಿತವನ್ನು ನೀಡಿತು. ಕಳೆದುಕೊಂಡದ್ದು 34,200 ರೂ.; ನಿವ್ವಳ ಲಾಭ 5,800 ರೂ. ಅದೇ ವರ್ಷ ಸೆಸ್ ಶೇ. 3ರಿಂದ ಶೇ. 4ಕ್ಕೆ ಏರಿತು. ಹೊಸ ಪದ್ಧತಿಯಲ್ಲಿ ಪ್ರಮಾಣಿತ ಕಡಿತವು ಈಗ 75,000 ರೂ. ಆಗಿದೆ. ಚಿಲ್ಲರೆ ರಸೀದಿಗಳ ಸಂಗ್ರಹಣೆಯನ್ನು ಕೊನೆಗೊಳಿಸಿದ ಈ ಕ್ರಮ ಸ್ವಾಗತಾರ್ಹವೇ ಸರಿ. ಆದರೆ ನಿಜವಾದ ಆಸ್ಪತ್ರೆ ಬಿಲ್ಲಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಒಂದು ಉದಾಹರಣೆ ನೋಡೋಣ. ವಾರ್ಷಿಕ 11 ಲಕ್ಷ ರೂ. ಸಂಬಳದ ವ್ಯವಸ್ಥಾಪಕರೊಬ್ಬರ ಪತ್ನಿಗೆ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ, 3 ಲಕ್ಷ ರೂ. ಬಿಲ್ಲನ್ನು ಮಾಲೀಕರು ಭರಿಸಿದರೆನ್ನಿ. ಆ ಆಸ್ಪತ್ರೆಯು ಕಾಯಿದೆ ಮಾನ್ಯ ಮಾಡುವ ವರ್ಗಕ್ಕೆ ಸೇರದಿದ್ದರೆ ಇಡೀ ಮೊತ್ತ ಪರ್ಕ್ವಿಸಿಟ್ ಎನಿಸಿ ಸಂಬಳಕ್ಕೆ ಸೇರುತ್ತದೆ. ಮೊದಲು ತೆರಿಗೆಯೇ ಇಲ್ಲದಿದ್ದ ಆ ನೌಕರರು 2025-26ನೆಯ ಹಣಕಾಸು ವರ್ಷದ ಹೊಸ ಪದ್ಧತಿಯ ದರಗಳಂತೆ 13,25,000 ರೂ. ಆದಾಯದ ಮೇಲೆ ಸೆಸ್ ಸೇರಿ 81,900 ರೂ. ತೆರಬೇಕಾಗುತ್ತದೆ. ಅವರ ಕೈಗೆ ಒಂದು ರೂಪಾಯಿಯೂ ಹೆಚ್ಚಾಗಿ ಬಂದಿರುವುದಿಲ್ಲ. ಈ ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುವ ಹೊಣೆ ಮಾಲೀಕರದು; ತಪ್ಪಿದರೆ ಬಡ್ಡಿಯೂ ಅವರ ತಲೆಗೇ.

ಹಾಗಾದರೆ ಮಾರ್ಗವೇನು? ಕೆಳಗಿನವು ಎರಡೂ ಪದ್ಧತಿಗಳಲ್ಲಿ ನೌಕರನಿಗೆ ತೆರಿಗೆಮುಕ್ತ.

ಒಂದು, ಬೌರಿಂಗ್ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ, ಅಥವಾ ಸರ್ಕಾರ ತನ್ನ ನೌಕರರ ಚಿಕಿತ್ಸೆಗಾಗಿ ಅನುಮೋದಿಸಿರುವ ಆಸ್ಪತ್ರೆಗಳಲ್ಲಿ ಆದ ವೆಚ್ಚದ ಮರುಪಾವತಿ. ಎರಡು, ಆದಾಯ ತೆರಿಗೆ ಮುಖ್ಯ ಆಯುಕ್ತರ ಅನುಮೋದನೆ ಪಡೆದ ಆಸ್ಪತ್ರೆಯಲ್ಲಿ ಕ್ಯಾನ್ಸರ್, ಕ್ಷಯ ಮುಂತಾದ ನಿಗದಿತ ರೋಗಗಳಿಗೆ ಪಡೆದ ಚಿಕಿತ್ಸೆ; ಇದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಅಗತ್ಯ. ಮೂರು, ಮಾಲೀಕರು ಕಟ್ಟುವ ಗುಂಪು ಆರೋಗ್ಯ ವಿಮೆಯ ಕಂತು. ನಾಲ್ಕು, ನೌಕರರು ತಾವೇ ಮಾಡಿಸಿಕೊಂಡ ಅನುಮೋದಿತ ಆರೋಗ್ಯ ವಿಮೆಯ ಕಂತಿನ ಮರುಪಾವತಿ.

ನಮ್ಮ ಸಣ್ಣ ಸಂಸ್ಥೆಗಳು ಈ ನಾಲ್ಕನೆಯದನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ವಿನಾಯಿತಿ ದೊರೆತಿದೆ. ಗುಂಪು ವಿಮೆಗೆ ದೊರೆತಿಲ್ಲ. ಆರು ಮಂದಿ ನೌಕರರಿರುವ ಅಂಗಡಿಗೆ ವೈಯಕ್ತಿಕ ಪಾಲಿಸಿಯ ಕಂತನ್ನು ಮರುಪಾವತಿಸುವುದೇ ಅನುಕೂಲವಾಗಬಹುದು. ಕಂತನ್ನು ಬ್ಯಾಂಕ್ ಮೂಲಕವೇ ಪಾವತಿಸಿ, ರಸೀದಿಯ ಪ್ರತಿಯನ್ನು ಕಡತದಲ್ಲಿಡತಕ್ಕದ್ದು.

ಇನ್ನೊಂದು ಎಚ್ಚರಿಕೆ. ಏಕವ್ಯಕ್ತಿ ಸಂಸ್ಥೆಯ ಮಾಲೀಕರಾಗಲಿ ಪಾಲುದಾರರಾಗಲಿ ಈ ಕಾಯಿದೆಯ ದೃಷ್ಟಿಯಲ್ಲಿ ನೌಕರರಲ್ಲ. ತಮ್ಮ ಸ್ವಂತ ಚಿಕಿತ್ಸೆಯ ಬಿಲ್ಲನ್ನು ಅಂಗಡಿಯ ಖರ್ಚಿಗೆ ಬರೆಯುವಂತಿಲ್ಲ. ಅವರಿಗಿರುವುದು 80ಡಿಯಂತಹ ಕಲಮುಗಳ ಕಡಿತ ಮಾತ್ರ. ಅದೂ ಹಳೆಯ ಪದ್ಧತಿಯಲ್ಲಿ.

ಈ ವ್ಯವಸ್ಥೆಯ ನಿಜವಾದ ದೋಷ ಸಮಾನತೆಯದು. ದೊಡ್ಡ ಕಂಪನಿಗೆ ಗುಂಪು ವಿಮೆಯಿದೆ, ಕೆಲವಕ್ಕೆ ಸ್ವಂತ ಆಸ್ಪತ್ರೆಯೂ ಇದೆ. ಅಲ್ಲಿನ ಚಿಕಿತ್ಸೆ ತೆರಿಗೆಮುಕ್ತ. ತಿಂಗಳಿಗೆ 21,000 ರೂ.ವರೆಗೆ ವೇತನವಿರುವ ಕಾರ್ಮಿಕರಿಗೆ ಇಎಸ್‌ಐ ಆಸರೆಯಿದೆ. 2017ರ ಜನವರಿಯಲ್ಲಿ ನಿಗದಿಯಾದ ಆ ಮಿತಿಯನ್ನು ದಾಟಿದ ಮೇಸ್ತ್ರಿ, ಗುಮಾಸ್ತ, ಲೆಕ್ಕಿಗರಿಗೆ ಕಷ್ಟಕಾಲದಲ್ಲಿ ಮಾಲೀಕರ ಕೈಯೇ ಗತಿ. ಆ ನೆರವನ್ನೇ ಸಂಬಳವೆಂದು ಎಣಿಸುವುದು ನ್ಯಾಯವಲ್ಲ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಉಳ್ಳ 2025ರ ಆದಾಯ ತೆರಿಗೆ ಕಾಯಿದೆಯು ಭಾಷೆಯನ್ನು ಸರಳಗೊಳಿಸಿದೆಯೇ ಹೊರತು ಈ ಕೊರತೆಯನ್ನು ತುಂಬಿಲ್ಲ.

ಆದುದರಿಂದ ನಮ್ಮ ಮಂಡಳಿಯು ಮುಂದಿನ ಬಜೆಟ್‌ಪೂರ್ವ ಮನವಿಯಲ್ಲಿ ಎರಡು ಬೇಡಿಕೆಗಳನ್ನು ಸೇರಿಸುವುದು ಸೂಕ್ತ: ಒಳರೋಗಿಯಾಗಿ ಪಡೆದ ಚಿಕಿತ್ಸೆಗೆ ಮಾಲೀಕರು ಬ್ಯಾಂಕ್ ಮೂಲಕ ನೇರವಾಗಿ ಆಸ್ಪತ್ರೆಗೆ ಪಾವತಿಸಿದ ಮೊತ್ತಕ್ಕೆ, ಯಾವುದೇ ನೋಂದಾಯಿತ ಆಸ್ಪತ್ರೆಯಾದರೂ, ಒಂದು ಮಿತಿಯವರೆಗೆ ವಿನಾಯಿತಿ, ಹಾಗೂ ಸಣ್ಣ ಉದ್ದಿಮೆಗಳ ಗುಂಪು ವಿಮೆಗೂ ಜಿಎಸ್‌ಟಿ ವಿನಾಯಿತಿ. ನೇರ ಪಾವತಿಯಲ್ಲಿ ಸುಳ್ಳು ರಸೀದಿಗೆ ಅವಕಾಶ ತೀರ ಕಡಿಮೆಯಾದುದರಿಂದ ಬೊಕ್ಕಸಕ್ಕೆ ಮೋಸವಾಗುವ ಭಯವಿಲ್ಲ. ಅಲ್ಲಿಯವರೆಗೆ ಸದಸ್ಯರು ಔಷಧಿ ರಸೀದಿಗಳನ್ನು ಕೂಡಿಡುವ ಶ್ರಮವನ್ನು ಬಿಟ್ಟು, ಈ ವರ್ಷವೇ ತಮ್ಮ ನೌಕರರಿಗೆ ವಿಮೆ ಮಾಡಿಸುವುದು ಕ್ಷೇಮ.